ಸ್ವಹಸ್ತನಿರ್ಮಿತ ವಿಮಾನೋಪಕರಣಗಳು: ಒಂದು ಐತಿಹಾಸಿಕ ವಿವೇಚನೆ

೧

ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಗಾತ್ರ, ವೇಗ, ಬೆಲೆಗಳಲ್ಲಿ ಉಂಟಾದ ವ್ಯತ್ಯಾಸಗಳನ್ನು ಕಾಲಾನುಕ್ರಮವಾಗಿ ನಿರೂಪಿಸಿ ತೃಪ್ತರಾಗುತ್ತಾರೆ. ಮೊದಲು ದೊಡ್ಡದಾಗಿದ್ದುದು ಸಣ್ಣದಾಯಿತು, ದುಬಾರಿಯಾಗಿದ್ದುದು ಅಗ್ಗವಾಯಿತು ಎಂಬುದೇ ಅಲ್ಲಿಯ ಸಾರಾಂಶ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸಣ್ಣ ವಿಮಾನಗಳನ್ನು ನಡೆಸುವ ಹವ್ಯಾಸಿಗಳು ಕಳೆದ ಹತ್ತಾರು ವರ್ಷಗಳಿಂದ ತಮ್ಮ ಮನೆಯ ಮೇಜಿನ ಮೇಲೆಯೇ ಜೋಡಿಸಿಕೊಂಡು, ಕೈಚೀಲದಲ್ಲಿಟ್ಟು ಒಯ್ಯುತ್ತಿರುವ ವಿಮಾನೋಪಕರಣ ಫಲಕವನ್ನೂ ಇದೇ ರೀತಿಯಲ್ಲಿ ವರ್ಣಿಸುವುದು ಸುಲಭ. ಆದರೆ ಹಾಗೆ ವರ್ಣಿಸಿದಲ್ಲಿ ಅದರ ಇತಿಹಾಸದ ಮುಖ್ಯಾಂಶವು ಕೈತಪ್ಪಿ ಹೋಗುತ್ತದೆ. ಮೋಡದೊಳಗೆ ಸಿಕ್ಕಿದ ಮನುಷ್ಯನು ನೆಲ ಯಾವ ದಿಕ್ಕಿನಲ್ಲಿದೆಯೆಂದು ತಿಳಿಯುವುದು ಹೇಗೆ, ಹಾಗೆ ತಿಳಿಸುವ ಸಾಧನವನ್ನು ಎಷ್ಟರ ಮಟ್ಟಿಗೆ ನಂಬಬೇಕು—ಈ ಎರಡು ಪ್ರಶ್ನೆಗಳೇ ಆ ಇತಿಹಾಸದ ಆದ್ಯಂತವೂ ಕಾಣಬರುತ್ತವೆ. ದೇಹವು ಒಂದು ಉತ್ತರವನ್ನು ಕೊಟ್ಟಿತು. ತಿರುಗುವ ಚಕ್ರವು ಇನ್ನೊಂದನ್ನು ಕೊಟ್ಟಿತು. ಗಣಿತವು ಮೂರನೆಯದನ್ನು ಕೊಟ್ಟಿತು. ಪ್ರಶ್ನೆ ಮಾತ್ರ ಬದಲಾಗಲಿಲ್ಲವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ವಿಮಾನದಷ್ಟೇ ವಿಮಾನೋಪಕರಣವೂ ಹಳೆಯದು. ೧೯೦೩ನೆಯ ಡಿಸೆಂಬರ್ ೧೭ರಂದು ರೈಟ್ ಸಹೋದರರ ಯಂತ್ರವು ನೆಲವನ್ನು ಬಿಟ್ಟಾಗ ಅದರ ಮೇಲೆ ಗಾಳಿಯ ವೇಗವನ್ನು ಅಳೆಯುವ ಸಾಧನ, ಕಾಲವನ್ನಳೆಯುವ ಗಡಿಯಾರ, ಎಂಜಿನ್ನಿನ ಸುತ್ತುಗಳನ್ನು ಎಣಿಸುವ ಸಾಧನ ಈ ಮೂರೂ ಇದ್ದವು. ಮುಂದಿನ ವರ್ಷಗಳಲ್ಲಿ ಅವರು ಯಂತ್ರದ ಮುಂಭಾಗಕ್ಕೆ ಒಂದು ದಾರದ ತುಂಡನ್ನು ಕಟ್ಟಿದ್ದುಂಟು. ಯಂತ್ರವು ಓರೆಯಾಗಿ ಜಾರಿದರೆ ದಾರವು ಪಕ್ಕಕ್ಕೆ ಹಾರುತ್ತಿತ್ತು. ಜಾರುವಿಮಾನಗಳಲ್ಲಿ ಈ ದಾರವು ಇಂದಿಗೂ ಉಳಿದಿದೆ. ಈ ಸಹೋದರರು ಸೈಕಲ್ ಅಂಗಡಿಯವರು. ಯಾವ ಉಪಕರಣ ಕಾರ್ಖಾನೆಯೂ ಅವರ ಬೆನ್ನಿಗೆ ಇರಲಿಲ್ಲ. ಆದುದರಿಂದ ಸ್ವಹಸ್ತನಿರ್ಮಾಣವು ಈ ಇತಿಹಾಸದ ಕೊನೆಯಲ್ಲಿ ಬಂದ ವಿಲಾಸವಲ್ಲ, ಅದರ ಆರಂಭವೇ ಅಲ್ಲಿದೆ ಎನ್ನಬೇಕು.

ಆ ದಿನದ ಮೊದಲ ಹಾರಾಟದ ಲೆಕ್ಕವು ಗಮನಾರ್ಹವಾದುದು. ಯಂತ್ರವು ೧೨ ಸೆಕೆಂಡುಗಳಲ್ಲಿ ನೆಲದ ಮೇಲೆ ಕ್ರಮಿಸಿದುದು ೧೨೦ ಅಡಿ ಮಾತ್ರ. ಆದರೆ ಬಲವಾದ ಎದುರುಗಾಳಿಯನ್ನು ಸೇರಿಸಿ ಲೆಕ್ಕ ಹಾಕಿದರೆ ಗಾಳಿಯೊಳಗೆ ಅದು ಕ್ರಮಿಸಿದುದು ಸುಮಾರು ೫೪೦ ಅಡಿ. ರೆಕ್ಕೆಯನ್ನು ಎತ್ತಿ ಹಿಡಿಯುವುದು ಗಾಳಿಯೊಳಗಿನ ವೇಗವೇ ಹೊರತು ನೆಲದ ಮೇಲಿನ ವೇಗವಲ್ಲ. ನೂರು ವರ್ಷಗಳ ತರುವಾಯ ಮನೆಯಲ್ಲಿ ಉಪಕರಣ ಜೋಡಿಸಿದವರಿಗೆ ಈ ಭೇದವೇ ಅಡ್ಡಬಂದುದನ್ನು ಮುಂದೆ ನೋಡಲಿದ್ದೇವೆ.

೩

ಆರಂಭದ ವೈಮಾನಿಕರು ತಮ್ಮ ದೇಹವನ್ನೇ ಮುಖ್ಯ ಉಪಕರಣವೆಂದು ಬಗೆದಿದ್ದರು. ಕುಳಿತ ಆಸನದ ಒತ್ತಡ, ಮುಖಕ್ಕೆ ಬಡಿಯುವ ಗಾಳಿ, ಕಣ್ಣಿಗೆ ಕಾಣುವ ದಿಗಂತ ಇವುಗಳಿಂದ ವಿಮಾನದ ಸ್ಥಿತಿಯನ್ನು ಅರಿಯುವವನೇ ಸಮರ್ಥ ಚಾಲಕನೆಂಬುದು ಅಂದಿನ ನಂಬಿಕೆ. ಹಗಲಿನಲ್ಲಿ, ನಿರ್ಮಲವಾದ ಆಕಾಶದಲ್ಲಿ ಈ ನಂಬಿಕೆಗೆ ಬಾಧಕವಿರಲಿಲ್ಲ. ಮೋಡದಲ್ಲಿಯೂ ಕತ್ತಲೆಯಲ್ಲಿಯೂ ಅದೇ ಮಾರಕವಾಯಿತು.

ಇದಕ್ಕೆ ಕಾರಣ ಒಳಕಿವಿಯ ರಚನೆಯಲ್ಲಿದೆ. ಅಲ್ಲಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವವು ತಲೆ ತಿರುಗಲಾರಂಭಿಸಿದಾಗ ಹಿಂದೆ ಉಳಿದು ತಿರುವಿನ ಅರಿವನ್ನು ಉಂಟುಮಾಡುತ್ತದೆ. ತಿರುವು ಒಂದೇ ವೇಗದಲ್ಲಿ ಕೆಲವು ಸೆಕೆಂಡುಗಳ ಕಾಲ ಮುಂದುವರಿದರೆ ದ್ರವವೂ ನಾಳದ ಜೊತೆಗೆ ತಿರುಗತೊಡಗಿ, ಅರಿವು ಅಳಿದುಹೋಗುತ್ತದೆ. ತಿರುವನ್ನು ನಿಲ್ಲಿಸಿದೊಡನೆ ವಿರುದ್ಧ ದಿಕ್ಕಿಗೆ ತಿರುಗುತ್ತಿರುವಂತೆ ಭ್ರಮೆಯಾಗುತ್ತದೆ. ಈ ಅಂಗದ ಸಂಶೋಧನೆಗಾಗಿ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿಗೆ ೧೯೧೪ನೆಯ ವರ್ಷದ ನೊಬೆಲ್ ಪಾರಿತೋಷಕ ದೊರೆಯಿತು. ಅವನ ಹೆಸರಿನ ತಿರುಗುವ ಕುರ್ಚಿಯು ವೈಮಾನಿಕರ ವೈದ್ಯಪರೀಕ್ಷೆಯ ಒಂದು ಅಂಗವಾಯಿತು.

೧೯೨೬ರಲ್ಲಿ ಅಮೆರಿಕದ ಸೈನ್ಯದ ವೈಮಾನಿಕ ವಿಲಿಯಂ ಆಕರ್, ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಸಿ ಫೀಲ್ಡಿನಲ್ಲಿ ವೈದ್ಯ ಡೇವಿಡ್ ಮೈಯರ್ಸನ ಮುಂದೆ ಈ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕುಳಿತನು. ಕುರ್ಚಿ ಯಾವ ಕಡೆಗೆ ತಿರುಗುತ್ತಿದೆಯೆಂಬುದನ್ನು ಅನುಭವಿ ವೈಮಾನಿಕನಾಗಿಯೂ ಅವನು ಸರಿಯಾಗಿ ಹೇಳಲಾಗಲಿಲ್ಲ. ಆಕರನು ಮಾಡಿದ ಮುಂದಿನ ಕಾರ್ಯವೇ ನಮ್ಮ ವಿಷಯಕ್ಕೆ ಮೂಲ. ಅವನು ಒಂದು ಪೆಟ್ಟಿಗೆಯೊಳಗೆ ಗೈರೊಸ್ಕೋಪಿನ ತಿರುವುಸೂಚಕ, ಒಂದು ದಿಕ್ಸೂಚಿ, ಒಂದು ಸಣ್ಣ ದೀಪ ಇವುಗಳನ್ನು ಇರಿಸಿ, ಒಳಗೆ ನೋಡಲು ಒಂದು ಕಿಂಡಿ ಮಾಡಿಕೊಂಡು ಮತ್ತೆ ಕುರ್ಚಿಯನ್ನೇರಿದನು. ಹೊರಗಿನ ಏನೂ ಕಾಣದಿದ್ದರೂ ಈ ಬಾರಿ ಅವನ ಉತ್ತರಗಳು ಸರಿಯಾದವು. ಕೈಯಲ್ಲಿ ಒಯ್ಯಬಹುದಾದ ಸ್ವಹಸ್ತನಿರ್ಮಿತ ಉಪಕರಣ ಫಲಕಕ್ಕೆ ಒಬ್ಬ ಪೂರ್ವಜನನ್ನು ಹುಡುಕುವುದಾದರೆ ಆಕರನ ಪೆಟ್ಟಿಗೆಗಿಂತ ಯೋಗ್ಯವಾದುದು ದೊರೆಯಲಾರದು. ದೇಹದ ಅನುಭವವು ಸುಳ್ಳಾಗಬಲ್ಲದೆಂದು ಅದು ಕಣ್ಣಿಗೆ ಕಾಣುವಂತೆ ತೋರಿಸಿಕೊಟ್ಟಿತು. ಆಕರನೂ ಕಾರ್ಲ್ ಕ್ರೇನನೂ ಸೇರಿ ೧೯೩೨ರಲ್ಲಿ ಕುರುಡು ಹಾರಾಟದ ತತ್ತ್ವ ಮತ್ತು ಪ್ರಯೋಗಗಳ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದರು.

೧೯೨೯ನೆಯ ಸೆಪ್ಟೆಂಬರ್ ೨೪ರಂದು ಲಾಂಗ್ ಐಲೆಂಡಿನ ಮಿಚೆಲ್ ಫೀಲ್ಡಿನಲ್ಲಿ ಜೇಮ್ಸ್ ಡೂಲಿಟ್ಲನು ಮುಸುಕು ಹಾಕಿದ ಆಸನದಲ್ಲಿ ಕುಳಿತು, ಹೊರಗಿನದೇನನ್ನೂ ನೋಡದೆ, ಮೇಲೇರಿ, ಸುತ್ತಿ, ಮತ್ತೆ ನೆಲಕ್ಕೆ ಇಳಿದನು. ಹಾರಾಟಕ್ಕೆ ಹಿಡಿದ ಕಾಲ ೧೫ ನಿಮಿಷ. ಎಚ್ಚರಿಕೆಗಾಗಿ ಮುಂದಿನ ಆಸನದಲ್ಲಿದ್ದ ಬೆಂಜಮಿನ್ ಕೆಲ್ಸಿಯು ಚಾಲನೆಯಲ್ಲಿ ಕೈಹಾಕಬೇಕಾಗಲಿಲ್ಲ. ಸ್ಪೆರಿ ಸಂಸ್ಥೆಯ ಕೃತಕ ದಿಗಂತ ಮತ್ತು ದಿಕ್ಕಿನ ಗೈರೊಸ್ಕೋಪು, ಪಾಲ್ ಕೋಲ್ಸ್‌ಮನನ ಸೂಕ್ಷ್ಮವಾದ ಎತ್ತರಮಾಪಕ, ದಾರಿ ತೋರುವ ರೇಡಿಯೋ ಇವು ಅವನಿಗೆ ನೆರವಾದವು. ಅಲ್ಲಿಂದ ಮುಂದೆ ವಾಯುವೇಗ, ಕೃತಕ ದಿಗಂತ, ಏರಿಳಿತದ ವೇಗ, ಎತ್ತರ, ದಿಕ್ಕು, ತಿರುವು ಇವುಗಳನ್ನು ತೋರಿಸುವ ಆರು ಮುಖಗಳು ವಿಮಾನದ ಫಲಕದಲ್ಲಿ ಕ್ರಮವಾಗಿ ನೆಲೆಗೊಂಡವು.

ತಿರುಗುವ ಚಕ್ರವೂ ಈ ಪ್ರಶ್ನೆಯನ್ನು ಪೂರ್ಣವಾಗಿ ಬಗೆಹರಿಸಲಿಲ್ಲವೆಂಬುದನ್ನು ಮರೆಯಬಾರದು. ವೇಗವಾಗಿ ತಿರುಗುವ ಚಕ್ರವು ತನ್ನ ದಿಕ್ಕನ್ನು ಬಿಡದಾದರೂ ಘರ್ಷಣೆಯಿಂದ ಸ್ವಲ್ಪಸ್ವಲ್ಪವಾಗಿ ಸರಿಯುತ್ತದೆ. ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ತೂಗುಗುಂಡಿನಂತಹ ಒಂದು ರಚನೆ ಬೇಕು. ಆ ತೂಗುಗುಂಡಾದರೋ ದೀರ್ಘವಾದ ತಿರುವಿನಲ್ಲಿ ಮನುಷ್ಯನ ಒಳಕಿವಿಯಂತೆಯೇ ಮೋಸಹೋಗುತ್ತದೆ.

೪

ಈ ಫಲಕವು ದೊಡ್ಡ ವಿಮಾನಗಳಿಗೆ ಬಂದಷ್ಟು ಬೇಗನೆ ಸಣ್ಣ ವಿಮಾನದ ಚಾಲಕನ ಶಿಕ್ಷಣಕ್ಕೆ ಬರಲಿಲ್ಲ. ೧೯೫೪ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ಅಧ್ಯಯನವೊಂದು ಇದರ ಪರಿಣಾಮವನ್ನು ಅಂಕಿಗಳಲ್ಲಿ ತಿಳಿಸಿತು. ಉಪಕರಣಗಳನ್ನು ಮಾತ್ರ ನೋಡಿ ಹಾರಿಸುವ ಅಭ್ಯಾಸವಿಲ್ಲದ ೨೦ ಮಂದಿಯನ್ನು ಕೃತಕವಾಗಿ ಏರ್ಪಡಿಸಿದ ಮೋಡದ ಸ್ಥಿತಿಗೆ ಒಳಪಡಿಸಲಾಯಿತು. ಇಪ್ಪತ್ತು ಮಂದಿಯೂ ವಿಮಾನದ ಹತೋಟಿಯನ್ನು ಕಳೆದುಕೊಂಡರು. ಅದಕ್ಕೆ ಹಿಡಿದ ಕಾಲದ ಸರಾಸರಿ ೧೭೮ ಸೆಕೆಂಡು, ಎಂದರೆ ಮೂರು ನಿಮಿಷಕ್ಕೂ ಕಡಮೆ. ಅವರ ಮುಂದೆ ಉಪಕರಣಗಳು ಇರಲಿಲ್ಲವೆಂದಲ್ಲ. ಅವುಗಳನ್ನು ನಂಬಿ ನಡೆಸುವ ಶಿಕ್ಷಣವಿರಲಿಲ್ಲ. ಅಲ್ಪಕಾಲದ ಕ್ರಮವಾದ ತರಬೇತಿಯ ಬಳಿಕ ಬಹುತೇಕ ಎಲ್ಲರೂ ವಿಮಾನವನ್ನು ಸುರಕ್ಷಿತವಾಗಿ ಹಿಂದಿರುಗಿಸಲು ಶಕ್ತರಾದರು.

ಇದೇ ಕಾಲದಲ್ಲಿ, ೧೯೫೩ರಲ್ಲಿ, ಪಾಲ್ ಪೊಬರೆಜ್ನಿಯು ಮಿಲ್ವಾಕಿಯ ಹವ್ಯಾಸಿಗಳನ್ನು ಕೂಡಿಸಿ ಪ್ರಾಯೋಗಿಕ ವಿಮಾನ ಸಂಘವನ್ನು ಸ್ಥಾಪಿಸಿದನು. ವಿದ್ಯಾರ್ಜನೆಗಾಗಿ ಅಥವಾ ವಿನೋದಕ್ಕಾಗಿ ವಿಮಾನದ ಹೆಚ್ಚಿನ ಭಾಗವನ್ನು ತಾನೇ ನಿರ್ಮಿಸಿದವನಿಗೆ ಅದನ್ನು ಹಾರಿಸಲು ಅಮೆರಿಕದ ನಿಯಮಗಳು ಅವಕಾಶ ಕೊಟ್ಟವು. ಹೀಗೆ ರೆಕ್ಕೆಯನ್ನೂ ಒಡಲನ್ನೂ ಮನೆಯಲ್ಲಿ ಕಟ್ಟುವ ಪರಂಪರೆಯು ಬೆಳೆಯಿತು. ಆದರೆ ಗೈರೊಸ್ಕೋಪನ್ನು ಮನೆಯಲ್ಲಿ ಕಟ್ಟುವುದು ಅಸಾಧ್ಯಪ್ರಾಯವಾಗಿತ್ತು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಚಕ್ರದ ಕೆಲಸ ಸೂಕ್ಷ್ಮಯಂತ್ರದ ಕಾರ್ಖಾನೆಯದು. ವಿಮಾನವನ್ನೇ ಕಟ್ಟಬಲ್ಲವನು ಅದರ ದಿಗಂತವನ್ನು ಮಾತ್ರ ಕೊಂಡು ತರಬೇಕಾಗಿತ್ತು.

೫

ಈ ತಡೆಯನ್ನು ಮುರಿದುದು ವಿಮಾನೋದ್ಯಮವಲ್ಲ, ಇತರ ಉದ್ಯಮಗಳು. ಮೋಟಾರು ಕಾರುಗಳಿಗೂ ಸಂಚಾರಿ ದೂರವಾಣಿಗಳಿಗೂ ಬೇಕಾಗಿ ಸಿಲಿಕಾನಿನ ತುಣುಕಿನ ಮೇಲೆ ಕೊರೆದ ಅತಿಸೂಕ್ಷ್ಮ ಗೈರೊಸ್ಕೋಪು ಅಗ್ಗವಾಗಿ ದೊರೆಯತೊಡಗಿತು. ೨೦೦೦ನೆಯ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರವು ಜಿ.ಪಿ.ಎಸ್. ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿದ ಕಾರಣ ಸಾಮಾನ್ಯರಿಗೂ ನಿಖರವಾದ ಸ್ಥಾನಜ್ಞಾನ ಲಭಿಸಿತು. ೨೦೧೨ನೆಯ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಶಾಲಾಬಾಲಕರ ಉಪಯೋಗಕ್ಕೆಂದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ೩೫ ಡಾಲರುಗಳಿಗೆ ಹೊರಬಂದಿತು. ಅದೇ ವರ್ಷ, ದೂರದರ್ಶನದ ಪ್ರಸಾರವನ್ನು ಕಂಪ್ಯೂಟರಿನಲ್ಲಿ ನೋಡಲೆಂದು ಮಾರುತ್ತಿದ್ದ ಒಂದು ಅಗ್ಗದ ಗ್ರಾಹಕದಿಂದ ಬೇರೆ ರೇಡಿಯೋ ಸಂಕೇತಗಳನ್ನೂ ಹಿಡಿಯಬಹುದೆಂಬುದು ಹವ್ಯಾಸಿಗಳಲ್ಲಿ ಪ್ರಚಾರವಾಯಿತು.

ಅಮೆರಿಕದಲ್ಲಿ ೨೦೨೦ನೆಯ ಜನವರಿ ೧ರಿಂದ ನಿಯಂತ್ರಿತ ವಾಯುಪ್ರದೇಶದ ಹೆಚ್ಚಿನ ಭಾಗದಲ್ಲಿ ವಿಮಾನಗಳು ತಮ್ಮ ಸ್ಥಾನವನ್ನು ಎ.ಡಿ.ಎಸ್.-ಬಿ. ಎಂಬ ಪದ್ಧತಿಯಿಂದ ತಾವೇ ಪ್ರಸಾರ ಮಾಡಬೇಕೆಂದು ವಿಧಿಸಲಾಯಿತು. ಈ ಪದ್ಧತಿಯ ನೆಲದ ಕೇಂದ್ರಗಳು ಹವೆಯ ವಿವರಗಳನ್ನೂ ಶುಲ್ಕವಿಲ್ಲದೆ ಬಿತ್ತರಿಸುತ್ತವೆ. ಈ ಪ್ರಸಾರವನ್ನು ಹಿಡಿಯುವ ಆಸೆಯಿಂದಲೇ ೨೦೧೫ರಲ್ಲಿ ಸ್ಟ್ರಾಟಕ್ಸ್ ಎಂಬ ಯೋಜನೆ ಹುಟ್ಟಿತು. ಅದರ ಕ್ರಮವಿಧಿಯು ಎಲ್ಲರೂ ನೋಡಿ ತಿದ್ದಬಹುದಾದಂತೆ ಮುಕ್ತವಾಗಿತ್ತು. ಒಂದು ರಾಸ್ಪ್‌ಬೆರಿ ಪೈ, ಎರಡು ಗ್ರಾಹಕಗಳು, ಒಂದು ಜಿ.ಪಿ.ಎಸ್., ಒಂದು ಬ್ಯಾಟರಿ ಇವುಗಳನ್ನು ಡಬ್ಬಿಯಲ್ಲಿ ಜೋಡಿಸಿದರೆ ಉಪಕರಣ ಸಿದ್ಧವಾಗುತ್ತಿತ್ತು. ವಿವರಗಳು ನಿಸ್ತಂತುವಾಗಿ ಚಾಲಕನ ಐಪ್ಯಾಡಿನ ಮೇಲೆ ಮೂಡುತ್ತಿದ್ದವು. ಬಳಿಕ ಗೈರೊಸ್ಕೋಪು, ವೇಗೋತ್ಕರ್ಷಮಾಪಕ, ಕಾಂತಮಾಪಕ, ಒತ್ತಡಮಾಪಕಗಳ ಸಣ್ಣ ಫಲಕವೊಂದು ಸೇರಿ, ಅದೇ ಐಪ್ಯಾಡಿನ ಮೇಲೆ ಕೃತಕ ದಿಗಂತವೂ ಕಾಣಿಸಿಕೊಂಡಿತು.

ಇಲ್ಲಿಯೇ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಎದುರಾಯಿತು. ಸಿಲಿಕಾನಿನ ಗೈರೊಸ್ಕೋಪು ತಿರುವಿನ ವೇಗವನ್ನು ತಿಳಿಸುತ್ತದೆಯೇ ಹೊರತು ಓರೆಯ ಕೋನವನ್ನಲ್ಲ. ಕೋನವನ್ನು ಕೂಡಿಸಿ ಪಡೆಯಬೇಕು. ಸೆಕೆಂಡಿಗೆ ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ದೋಷವಿದ್ದರೂ ಒಂದು ನಿಮಿಷದಲ್ಲಿ ಅದು ೬ ಡಿಗ್ರಿಗಳಾಗುತ್ತದೆ. ಅದನ್ನು ತಿದ್ದಲು ನೆಲದ ದಿಕ್ಕನ್ನು ತೋರುವ ವೇಗೋತ್ಕರ್ಷಮಾಪಕದ ನೆರವು ಬೇಕು. ಆದರೆ ಇದಕ್ಕೆ ಗುರುತ್ವಕ್ಕೂ ವಿಮಾನದ ಸ್ವಂತ ವೇಗೋತ್ಕರ್ಷಕ್ಕೂ ಭೇದ ತಿಳಿಯದು. ೧೦೦ ನಾಟ್ ವೇಗದಲ್ಲಿ ಹಾರುತ್ತ ಸೆಕೆಂಡಿಗೆ ೩ ಡಿಗ್ರಿಯಂತೆ ಸಮರ್ಪಕವಾಗಿ ತಿರುಗುವ ವಿಮಾನವು ಸುಮಾರು ೧೫ ಡಿಗ್ರಿ ಓರೆಯಾಗಿರುತ್ತದೆ. ಆಗಲೂ ಒಟ್ಟು ಬಲವು ವಿಮಾನದ ತಳದ ಕಡೆಗೇ ಎಳೆಯುವುದರಿಂದ ಮಾಪಕವು ಓರೆಯೇ ಇಲ್ಲವೆಂದು ಸೂಚಿಸುತ್ತದೆ. ೧೯೨೬ರಲ್ಲಿ ಕುರ್ಚಿಯ ಮೇಲೆ ಆಕರನ ಕಿವಿಯು ಅವನಿಗೆ ನೀಡಿದುದೂ ಇಂತಹುದೇ ತಪ್ಪು ವರದಿಯಲ್ಲವೆ? ಜಿ.ಪಿ.ಎಸ್. ಕೊಡುವ ವೇಗವನ್ನು ತಿರುವಿನ ವೇಗದೊಡನೆ ಗುಣಿಸಿ, ತಿರುವಿನಿಂದುಂಟಾದ ಬಲವನ್ನು ಕಳೆದು, ರುಡಾಲ್ಫ್ ಕಾಲ್ಮನ್ನನು ೧೯೬೦ರಲ್ಲಿ ಪ್ರಕಟಿಸಿದ ಶೋಧಕದಂತಹ ಗಣಿತವಿಧಾನದಿಂದ ಎಲ್ಲ ಸಾಕ್ಷ್ಯಗಳನ್ನೂ ತೂಗಿ ನೋಡಿದಾಗಲೇ ತೆರೆಯ ಮೇಲಿನ ದಿಗಂತವು ನಂಬಲರ್ಹವಾಗುತ್ತದೆ. ಒಂದೊಂದು ಸಾಕ್ಷಿಗೂ ಅದರದರ ದೋಷವಿರುವಾಗ ಪರಸ್ಪರ ತಾಳೆನೋಡಿ ನಿರ್ಣಯಿಸುವ ಈ ಕ್ರಮವು ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ.

ಇನ್ನೊಂದು ಕೊರತೆಯನ್ನು ಗಣಿತವೂ ನೀಗಲಾರದು. ಕೈಯಲ್ಲಿ ಒಯ್ಯುವ ಡಬ್ಬಿಗೆ ವಿಮಾನದ ಹೊರಗಿನ ಗಾಳಿಯ ನಾಳದೊಡನೆ ಸಂಪರ್ಕವಿಲ್ಲ. ಆದುದರಿಂದ ಅದು ತೋರುವುದು ನೆಲದ ಮೇಲಿನ ವೇಗ. ೨೦ ನಾಟ್ ಹಿಂಗಾಳಿಯಲ್ಲಿ ಫಲಕವು ೭೦ ಎಂದು ತೋರುವಾಗ ರೆಕ್ಕೆಗೆ ದೊರೆಯುತ್ತಿರುವುದು ೫೦ ಮಾತ್ರ. ರೈಟ್ ಸಹೋದರರು ಮೊದಲ ದಿನವೇ ಅಳೆದುದನ್ನು ಈ ಸಾಧನವು ಅಳೆಯಲಾರದು. ವಿಮಾನದಲ್ಲಿ ನಿಯಮಾನುಸಾರ ಇರಬೇಕಾದ ಉಪಕರಣಗಳ ಸ್ಥಾನವನ್ನು ಇದು ಪಡೆಯದೆ ಅವುಗಳ ನೆರವಿಗಷ್ಟೇ ನಿಲ್ಲುವುದು ನ್ಯಾಯವಾಗಿಯೇ ಇದೆ.

೬

ಹಾಗೆಂದು ಪ್ರಮಾಣೀಕೃತವಾದ ದುಬಾರಿ ಉಪಕರಣವು ಎಂದೂ ಸುಳ್ಳಾಡದೆಂದು ಭಾವಿಸಲಾಗದು. ೧೯೭೮ನೆಯ ಜನವರಿ ೧ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ಎಂಬ ಬೋಯಿಂಗ್ ೭೪೭ ವಿಮಾನವು ಮೇಲೇರಿದ ಎರಡು ನಿಮಿಷಗಳೊಳಗೆ ಅರಬ್ಬೀ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ ೨೧೩ ಮಂದಿಯೂ ಮಡಿದರು. ಮುಖ್ಯ ಚಾಲಕನ ಮುಂದಿದ್ದ ಸ್ಥಿತಿಸೂಚಕವು ಕೆಟ್ಟು, ವಿಮಾನವು ಬಲಕ್ಕೆ ಓರೆಯಾಗಿದೆಯೆಂದು ತೋರುತ್ತಿದ್ದಿತು. ಅದನ್ನು ನಂಬಿ ಚಾಲಕನು ವಿಮಾನವನ್ನು ಎಡಕ್ಕೆ ಉರುಳಿಸುತ್ತ ಹೋದನೆಂದೂ ಇತರ ಉಪಕರಣಗಳೊಡನೆ ತಾಳೆನೋಡಿ ಹತೋಟಿಯನ್ನು ಮರಳಿ ಪಡೆಯುವ ಕಾರ್ಯವು ನಡೆಯಲಿಲ್ಲವೆಂದೂ ತನಿಖೆಯಿಂದ ತಿಳಿದುಬಂದಿತು. ಮುಂದೆ ಕಪ್ಪು ಸಮುದ್ರ, ಮೇಲೆ ಕಪ್ಪು ಆಕಾಶ; ಕಣ್ಣಿಗೆ ಬೇರೆ ಆಧಾರವಿರಲಿಲ್ಲ. ದೇಹವನ್ನು ನಂಬಬೇಡ, ಉಪಕರಣವನ್ನು ನಂಬು ಎಂಬ ಆಕರನ ಪಾಠವು ಇಲ್ಲಿ ಅರ್ಧಪಾಠವಾಯಿತು. ಉಳಿದರ್ಧವೆಂದರೆ ಒಂದೇ ಉಪಕರಣವನ್ನು ನಂಬಬೇಡ ಎಂಬುದು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಲಿಯು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕನ್ನು ತೋರುತ್ತದೆ. ೨೦೦೨ರಿಂದ ೨೦೦೬ರವರೆಗೆ ತಯಾರಾದ ಸಣ್ಣ ವಿಮಾನಗಳನ್ನು ಹೋಲಿಸಿ ನೋಡಲಾಗಿ, ಎಲೆಕ್ಟ್ರಾನಿಕ್ ಫಲಕವುಳ್ಳವುಗಳಲ್ಲಿ ಒಟ್ಟು ಅಪಘಾತಗಳ ಪ್ರಮಾಣ ಕಡಮೆಯಿದ್ದರೂ ಪ್ರಾಣಾಂತಿಕವಾದವುಗಳ ಪ್ರಮಾಣ ಹೆಚ್ಚಾಗಿದ್ದಿತು. ಹೊಸ ಫಲಕಕ್ಕೆ ತಕ್ಕ ವಿಶೇಷ ಶಿಕ್ಷಣ ಅಗತ್ಯವೆಂದು ಮಂಡಲಿಯು ಅಭಿಪ್ರಾಯಪಟ್ಟಿತು. ೧೯೫೪ರ ೧೭೮ ಸೆಕೆಂಡುಗಳ ಪಾಠವೂ ಇದೇ ಆಗಿದ್ದಿತು.

ಮೇಲಿನ ವಿವೇಚನೆಯಿಂದ ಸ್ವಹಸ್ತನಿರ್ಮಿತ ಫಲಕದ ಸ್ಥಾನವು ಸ್ಪಷ್ಟವಾಗುತ್ತದೆ. ಅದು ಕಾರ್ಖಾನೆಯ ಉಪಕರಣದ ಅಗ್ಗದ ನಕಲಲ್ಲ. ಅದಕ್ಕೆ ಸಂಪೂರ್ಣ ಬದಲಿಯೂ ಅಲ್ಲ. ಮುಖ್ಯ ಸಾಕ್ಷಿಯು ಕೆಟ್ಟ ಗಳಿಗೆಯಲ್ಲಿ ಬೇರೊಂದು ಮೂಲದಿಂದ, ಬೇರೊಂದು ವಿದ್ಯುತ್ತಿನಿಂದ ನಡೆದು ಮಾತನಾಡಬಲ್ಲ ಎರಡನೆಯ ಸಾಕ್ಷಿ ಎಂಬುದೇ ಅದರ ಬೆಲೆ. ಅದನ್ನು ಜೋಡಿಸಿದವನಿಗೆ ಅದು ಎಲ್ಲಿ ತಪ್ಪಬಹುದೆಂಬುದು ತಿಳಿದಿರುತ್ತದೆ. ಕೊಂಡು ತಂದವನಿಗೆ ಈ ತಿಳಿವಳಿಕೆ ಸುಲಭವಾಗಿ ಬರುವುದಿಲ್ಲ. ಉಪಕರಣಗಳ ಇತಿಹಾಸವನ್ನು ಓದುವವರು ಯಾರು ಯಾವುದನ್ನು ಯಾವಾಗ ಕಂಡುಹಿಡಿದರೆಂಬುದರ ಜೊತೆಗೆ, ಜನರು ಅದನ್ನು ಎಂದು ನಂಬಿದರು, ಏಕೆ ನಂಬಿದರು, ಆ ನಂಬಿಕೆಯ ಮೇರೆ ಯಾವುದು ಎಂಬುದನ್ನೂ ಕೇಳಬೇಕಾಗಿದೆ.