ಓಡಿರೂ ಹಾಳು, ನಿಂದರೂ ಹಾಳು: ಮಿಲಿಟ್ರಿ ಲಾರಿಯ ಆರೈಕೆ

ತೋಟಕ್ಕೆ ನೀರು ಬಿಡುವ ಪಂಪು ಇಪ್ಪ ಮನೆಯವಕ್ಕೆ ಇದರ ಹೊಸತ್ತಾಗಿ ಹೇಳೆಕು ಹೇಳಿ ಇಲ್ಲೆ. ಮಳೆಗಾಲ ಇಡೀ ಸುಮ್ಮನೆ ಕೂದ ಪಂಪು ಬೇಸಗೆ ಸುರುವಪ್ಪಗ ತಿರುಗುಲೇ ಒಪ್ಪುತ್ತಿಲ್ಲೆ. ಹಾಳಾದ ಮತ್ತೆ ರಿಪೇರಿ ಮಾಡ್ಸುದು ಬೇರೆ, ಹಾಳಾಗದ್ದ ಹಾಂಗೆ ನೋಡಿಗೊಂಬದು ಬೇರೆ. ಈ ವೆತ್ಯಾಸವ ಒಂದು ದೊಡ್ಡ ಸೈನ್ಯವೇ ಕಲ್ತ ಕತೆ ಇದ್ದು, ಕೇಳಿ.

ಎರಡನೇ ಮಹಾಯುದ್ಧದ ಸಮಯಲ್ಲಿ ಅಮೇರಿಕದ ಸೈನ್ಯಕ್ಕೆ ಜಿ.ಎಂ.ಸಿ.ಯವು ಎರಡೂವರೆ ಟನ್ನಿನ ಲಾರಿ ಮಾಡಿ ಕೊಟ್ಟವು. ಆರು ಸಿಲಿಂಡರಿನ ಪೆಟ್ರೋಲು ಇಂಜಿನು. ಲೆಕ್ಕ 5 ಲಕ್ಷವ ದಾಂಟಿತ್ತು. ನಮ್ಮ ಅಸ್ಸಾಮಿನ ಲೇಡೋಂದ ಬರ್ಮಾಕ್ಕಾಗಿ ಚೀನಾಕ್ಕೆ ಹೋಪ ಮಾರ್ಗಲ್ಲಿಯೂ ಈ ಲಾರಿಗೊ ಓಡಿದ್ದವು. ಅಷ್ಟೂ ಗಾಡಿಗೊ ಹೆಚ್ಚುಕಮ್ಮಿ ಒಂದೇ ನಮುನೆ ಇದ್ದ ಕಾರಣ, ಕೆಟ್ಟು ಬಿದ್ದ ಒಂದರ ಸಾಮಾನು ಬಿಚ್ಚಿ ಇನ್ನೊಂದಕ್ಕೆ ಹಾಕಲಕ್ಕು. ಆದರೆ ಎಕ್ಸೆಲು ಮಾಂತ್ರ ಎರಡು ನಮುನೆದು, ನೋಡಿಯೇ ತೆಗೆಯೆಕು!

ಆರೈಕೆಗೆ ಸೈನ್ಯದವು 5 ಮೆಟ್ಲು ಮಾಡಿತ್ತಿದ್ದವು. ಸುರುವಾಣ ಮೆಟ್ಲು ಡ್ರೈವರಂದೇ: ಎಣ್ಣೆ, ನೀರು, ಟಯರಿನ ಗಾಳಿ ನೋಡುದು, ಸಡ್ಲ ಆದ ನಟ್ಟು ಬಿಗಿವದು, ಗ್ರೀಸು ಹಾಕುದು. ಎರಡನೇದು ಅವನ ತುಕಡಿಯ ಮೇಸ್ತ್ರಿಗೊ. ಮೂರನೇದು ಊರೂರು ತಿರುಗುವ ವರ್ಕ್‌ಶಾಪು. ಕಡೇಣ ಎರಡು ದೊಡ್ಡ ವರ್ಕ್‌ಶಾಪುಗೊ. ಇಂಜಿನು ಪೂರಾ ಬಿಚ್ಚಿ ಕಟ್ಟುದು ಅಲ್ಲಿ. ಜವ್ವನಿಗರಿಂಗೆ ಬರೇ ಪಾಠ ಹೇಳಿರೆ ಕೇಳ್ತವೋ? ಅದಕ್ಕೆ 'ಆರ್ಮಿ ಮೋಟಾರ್ಸ್' ಹೇಳ್ತ ಸೈನ್ಯದ ಪತ್ರಿಕೆಲಿ ವಿಲ್ ಐಸ್ನರ್ ಹೇಳ್ತ ಚಿತ್ರಕಾರ° ಜೋ ಡೋಪ್ ಹೇಳುವ ಪೆದ್ದು ಸಿಪಾಯಿಯ ಬರದ°. ಮಾಡ್ಲಾಗ ಹೇಳಿದ್ದರ ಎಲ್ಲ ಜೋ ಮಾಡುಗು. ಓದುವವು ನೆಗೆ ಮಾಡಿಗೊಂಡೇ ಕಲ್ತುಗೊಂಗು.

ಸುರುವಾಣ ಮೆಟ್ಲು ತಪ್ಪಿರೆ ಎಂತ ಆವುತ್ತು? 1944ರ ಆಗಸ್ಟು 25ರಿಂದ ನವೆಂಬರು 16ರ ವರೆಗೆ ಫ್ರಾನ್ಸಿಲಿ ಓಡಿದ 'ರೆಡ್ ಬಾಲ್ ಎಕ್ಸ್‌ಪ್ರೆಸ್' ಲಾರಿಗಳ ನೋಡೆಕು. ಯುದ್ಧದ ಎದುರಾಣ ಸಾಲಿಂಗೆ ಪೆಟ್ರೋಲು, ಗುಂಡು, ಆಹಾರ ಎತ್ತುಸುದು ಕೆಲಸ. ಆಗಸ್ಟು 29ರ ಒಂದೇ ದಿನಲ್ಲಿ 12,000 ಟನ್ನಿಂದ ಹೆಚ್ಚು ಸಾಮಾನು ಹೋತು. ಡ್ರೈವರಂಗಳಲ್ಲಿ ಮುಕ್ಕಾಲು ಪಾಲು ಕಪ್ಪು ಸೈನಿಕರು. ಅವಕ್ಕೆ ಒರಕ್ಕಿಲ್ಲೆ, ಲಾರಿಗೆ ಪುರುಸೊತ್ತಿಲ್ಲೆ. ಹೊರೆ ಹೆಚ್ಚಾತು, ವೇಗ ತಡವ ಗವರ್ನರಿನ ಬಿಚ್ಚಿ ಮಡುಗಿದವು. ಬ್ಯಾಟರಿ ಒಣಗಿತ್ತು, ಇಂಜಿನು ಸುಟ್ಟತ್ತು, ಮಾರ್ಗಲ್ಲಿ ಇಡ್ಕಿದ ತಗಡಿನ ಡಬ್ಬಂಗೊ ಟಯರಿನ ಕೊಯ್ದವು. ಡ್ರೈವರಂಗಳ ಬೈದು ಎಂತ ಗುಣ? ಆರೈಕೆಗೆ ಬೇಕಾದ ಹೊತ್ತಿನ ಮೇಗಾಣವು ಕೊಟ್ಟಿದವೇ ಇಲ್ಲೆ.

ಈಗ ಈ ಲಾರಿಗಳ ಪ್ರೀತಿಲಿ ಮಡಿಕ್ಕೊಂಡವಕ್ಕೆ ಉಲ್ಟಾ ಕಷ್ಟ: ಗಾಡಿ ನಿಂದೇ ಹಾಳಪ್ಪದು. ಬ್ರೇಕಿನ ಎಣ್ಣೆ ಗಾಳಿಯ ಪಸೆಯ ಎಳಕ್ಕೊಂಡು ಒಳಂದ ತುಕ್ಕು ಹಿಡಿತ್ತು. ಎಲ್ಲ ಚಕ್ರದ ಬ್ರೇಕಿಂಗೂ ಒಂದೇ ಮಾಸ್ಟರ್ ಸಿಲಿಂಡರು. ಒಂದು ಪೈಪು ಸೋರಿರೆ ಪೂರಾ ಬ್ರೇಕೇ ಹೋತು. ಲಾಕ್ ರಿಂಗ್ ಇಪ್ಪ ಹಳೇ ಚಕ್ರಕ್ಕೆ ಗಾಳಿ ತುಂಬುಸುವಗ ರಿಂಗು ಸರಿ ಕೂರದ್ರೆ ಹಾರಿ ಬಂದು ಜೀವವನ್ನೇ ತೆಗಗು. ಕಬ್ಬಿಣದ ಗೂಡಿನ ಒಳ ಮಡುಗಿಯೇ ಗಾಳಿ ಹಾಕೆಕಷ್ಟೆ.

ಮೇಗಾಣ ನಾಲ್ಕು ಮೆಟ್ಲಿಂಗೆ ಪೈಸೆ ಬೇಕು, ಮೇಸ್ತ್ರಿ ಬೇಕು. ಸುರುವಾಣದ್ದಕ್ಕೆ ಒಂದು ಹಳೇ ವಸ್ತ್ರದ ತುಂಡು, ಒಂದು ಸ್ಪ್ಯಾನರು, ಉದಿಯಪ್ಪಗ ಹತ್ತು ನಿಮಿಷ. ಆ ಹತ್ತು ನಿಮಿಷವ ಒಳಿಶಲೆ ಹೋದರೆ ಒಳುದ ನಾಲ್ಕು ಮೆಟ್ಲನ್ನೂ ಹತ್ತೆಕಕ್ಕು.