ಊರುಗೋಲಾಗಿದ್ದ ಎಡಗೈ

ಇಪ್ಪತ್ತೆಂಟನೇ ವಯಸ್ಸಲ್ಲಿ ಟೆನಿಸ್ ಕಲಿಯೋಕೆ ಹೊರಟಿದ್ದೀನಿ. ಫೋರ್‌ಹ್ಯಾಂಡ್ ಹೇಗೋ ನಡೆಯುತ್ತೆ, ಬ್ಯಾಕ್‌ಹ್ಯಾಂಡ್ ಮಾತ್ರ ಪೂರ್ತಿ ನೆಟ್‌ಗೆ ಸಮರ್ಪಣೆ. ಆರು ತಿಂಗಳು ಸಹಿಸಿಕೊಂಡ ಕೋಚ್ ಹೋದ ವಾರ, "ಸಾರ್, ಒಂದು ಕೈಲಿ ಹೊಡೆದಿದ್ದು ಸಾಕು. ಎರಡೂ ಕೈಲಿ ಹಿಡಿದು ಮೊದಲಿಂದ ಶುರು ಮಾಡಿ" ಅಂದ್ರು. ಪಕ್ಕದ ಕೋರ್ಟಿನ ಹತ್ತು ವರ್ಷದ ಪುಟ್ಟಿಯೂ ಹಾಗೇ ಹಿಡಿದಿದ್ದಳು. ಅವಮಾನ ಆಯ್ತು. ಮನೆಗೆ ಬಂದು ಈ ಹೊಡೆತದ ಇತಿಹಾಸ ಓದುತ್ತಾ ಕೂತೆ.

ಎರಡು ಕೈಯ ಬ್ಯಾಕ್‌ಹ್ಯಾಂಡನ್ನು ದೊಡ್ಡ ಮಟ್ಟದ ಆಟಕ್ಕೆ ತಂದವರಲ್ಲಿ ಮೊದಲಿಗರು ಆಸ್ಟ್ರೇಲಿಯಾದವರು. ವಿವಿಯನ್ ಮೆಕ್‌ಗ್ರಾ 1937ರಲ್ಲಿ, ಜಾನ್ ಬ್ರಾಮ್‌ವಿಚ್ 1939 ಮತ್ತು 1946ರಲ್ಲಿ ತಮ್ಮ ದೇಶದ ಚಾಂಪಿಯನ್‌ಶಿಪ್ ಗೆದ್ದರು. ಆದರೂ ಬಹುಕಾಲ ಅದು ವಿಚಿತ್ರ ಹೊಡೆತವಾಗೇ ಉಳಿಯಿತು. ಮರದ ರ‍್ಯಾಕೆಟ್ ಎತ್ತಲಾಗದ ಮಕ್ಕಳ ಊರುಗೋಲು, ದೊಡ್ಡವರಾದ ಮೇಲೆ ಬಿಡಬೇಕಾದ್ದು ಅನ್ನೋ ಭಾವನೆ.

ಫ್ಲೋರಿಡಾದ ಕೋಚ್ ಜಿಮ್ಮಿ ಎವರ್ಟ್ ಕೂಡ ಹಾಗೇ ಅಂದುಕೊಂಡಿದ್ದರಂತೆ. ಮಗಳು ಕ್ರಿಸ್‌ಗೆ ಒಂದು ಕೈಲಿ ಹೊಡೆಯುವಷ್ಟು ಶಕ್ತಿ ಇರಲಿಲ್ಲ. ಮುಂದೆ ಬದಲಾಯಿಸಿಕೊಳ್ತಾಳೆ ಅಂತ ಅಪ್ಪನ ಆಸೆ. ಅವಳು ಬದಲಾಯಿಸಲೇ ಇಲ್ಲ.

ಆಮೇಲೆ ಬಂತು ನೋಡಿ 1974. ಆ ವರ್ಷ ವಿಂಬಲ್ಡನ್ ಗೆದ್ದವರು ಜಿಮ್ಮಿ ಕಾನರ್ಸ್ ಮತ್ತು ಕ್ರಿಸ್ ಎವರ್ಟ್. ಫ್ರೆಂಚ್ ಓಪನ್ ಗೆದ್ದವರು ಬ್ಯೋರ್ನ್ ಬೋರ್ಗ್ ಮತ್ತು ಅದೇ ಕ್ರಿಸ್. ಮೂವರದೂ ಎರಡು ಕೈ! ಊರುಗೋಲು ಆಯುಧವಾಗಿತ್ತು. ಬಲಗೈ ಆಟಗಾರರಿಗೆ ಇದು ಒಂಥರಾ ಎಡಗೈಯ ಫೋರ್‌ಹ್ಯಾಂಡೇ. ಭುಜದೆತ್ತರಕ್ಕೆ ಪುಟಿಯುವ ಚೆಂಡಿಗೂ, ವೇಗದ ಸರ್ವ್‌ಗೂ ಎರಡನೇ ಕೈ ಬಲ ಕೊಡುತ್ತೆ. ಕೈ ಚಾಚುವ ದೂರ ಮಾತ್ರ ಸ್ವಲ್ಪ ಕಮ್ಮಿಯಾಗುತ್ತೆ.

ಹಾಗಂತ ಎಲ್ಲರೂ ಇದೇ ದಾರಿ ಹಿಡಿಯಲಿಲ್ಲ. ಪೀಟ್ ಸಾಂಪ್ರಾಸ್ ಎರಡು ಕೈಲಿ ಚೆನ್ನಾಗಿಯೇ ಆಡುತ್ತಿದ್ದ ಹುಡುಗ. ಅವನ ಕೋಚ್ ಪೀಟ್ ಫಿಶರ್ ವೃತ್ತಿಯಲ್ಲಿ ಮಕ್ಕಳ ಡಾಕ್ಟರ್. ವಿಂಬಲ್ಡನ್ ಗೆಲ್ಲಬೇಕಾದರೆ ಒಂದು ಕೈಯೇ ಸರಿ ಅಂತ, ಸುಮಾರು ಹದಿನಾಲ್ಕನೇ ವಯಸ್ಸಲ್ಲಿ ಬದಲಾಯಿಸಿಸಿದರು. ಜೂನಿಯರ್ ಪಂದ್ಯಗಳಲ್ಲಿ ಸೋಲು ಶುರುವಾಯ್ತು. ಹುಡುಗ ಸಹಿಸಿಕೊಂಡ. 1990ರಲ್ಲಿ, ಹತ್ತೊಂಬತ್ತಕ್ಕೇ ಯುಎಸ್ ಓಪನ್ ಗೆದ್ದ. ಆಮೇಲೆ ವಿಂಬಲ್ಡನ್ ಏಳು ಸಲ.

2024ರ ಫೆಬ್ರವರಿಯಲ್ಲಿ ಪುರುಷರ ಮೊದಲ ಹತ್ತು ರ‍್ಯಾಂಕ್‌ಗಳಲ್ಲಿ ಒಂದು ಕೈಯ ಬ್ಯಾಕ್‌ಹ್ಯಾಂಡಿನವರು ಒಬ್ಬರೂ ಇರಲಿಲ್ಲ. 1973ರಲ್ಲಿ ರ‍್ಯಾಂಕಿಂಗ್ ಶುರುವಾದ ಮೇಲೆ ಇದೇ ಮೊದಲು. ಒಂದು ಕಾಲದ 'ತಪ್ಪು' ಇವತ್ತಿನ ಪಠ್ಯ.

ಇಷ್ಟು ಓದಿದ ಮೇಲೆ ನನಗನ್ನಿಸಿದ್ದು, ಯಾವ ಹಿಡಿತ ಸರಿ ಅನ್ನೋದಕ್ಕಿಂತ, ಬರುತ್ತಿದ್ದುದನ್ನು ಬಿಟ್ಟು ಸ್ವಲ್ಪ ದಿನ ಸೋಲೋಕೆ ನಾವು ತಯಾರಿದ್ದೀವಾ ಅನ್ನೋದೇ ಪ್ರಶ್ನೆ. ಸಾಂಪ್ರಾಸ್‌ಗೆ ಕಳೆದುಕೊಳ್ಳೋಕೆ ಬೇಕಾದಷ್ಟಿತ್ತು. ನನಗೇನಿದೆ, ನೆಟ್‌ಗೆ ಹೊಡೆದ ಆರು ತಿಂಗಳು!

ನಾಳೆ ಬೆಳಗ್ಗೆ ಆರಕ್ಕೆ ಹೋಗ್ತೀನಿ. ಎರಡೂ ಕೈ ಹಿಡಿದು, ಆ ಪುಟ್ಟಿಯ ಪಕ್ಕದಲ್ಲೇ.