ಅಪರಾಧ ತನಿಖೆ ಮತ್ತು ವಿಧಿವಿಜ್ಞಾನ: ತುಮಕೂರು, ಗುಬ್ಬಿ, ಕುಣಿಗಲ್

ಅಪರಾಧ ನಡೆದ ಜಾಗದಲ್ಲಿ ಉಳಿದ ಕಲೆ, ಗುರುತು, ಚೂರು, ಕಾಗದ, ದೇಹ ಇವನ್ನೆಲ್ಲ ಪರೀಕ್ಷಿಸಿ ಕೋರ್ಟಿನ ಮುಂದೆ ನಿಲ್ಲುವಂಥ ಮಾತಾಗಿಸುವ ವಿದ್ಯೆಗೆ ವಿಧಿವಿಜ್ಞಾನ ಎಂದು ಹೆಸರು. ನ್ಯಾಯವಿಜ್ಞಾನ ಎನ್ನುವವರೂ ಇದ್ದಾರೆ. ಠಾಣೆಗಳಲ್ಲಿ ಈ ಎರಡೂ ಹೆಸರು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಅಲ್ಲಿ ಎಲ್ಲರೂ ಕೇಳುವುದು ‘ಎಫ್‌ಎಸ್‌ಎಲ್ ರಿಪೋರ್ಟ್ ಬಂತಾ?’ ಎಂದೇ. ತುಮಕೂರು, ಗುಬ್ಬಿ, ಕುಣಿಗಲ್ ಭಾಗದಲ್ಲಿ ಈ ವಿದ್ಯೆಯ ಚರಿತ್ರೆ ಹೇಳಹೊರಟರೆ ಎರಡು ಜಾಗಗಳ ನಡುವೆ ಓಡಾಡಬೇಕಾಗುತ್ತದೆ. ಒಂದು, ಘಟನೆ ನಡೆದ ಕೆರೆಯಂಗಳವೋ ತೋಟವೋ ಛತ್ರದ ಕೋಣೆಯೋ. ಇನ್ನೊಂದು, ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಆ ಎಫ್‌ಎಸ್‌ಎಲ್. ಪ್ರಯೋಗಾಲಯದ ಉಪಕರಣಗಳ ಬಗ್ಗೆ ಬರೆದವರು ಬಹಳ ಮಂದಿ. ಸಾಕ್ಷ್ಯ ಉಳಿಯುವುದೂ ಕೆಡುವುದೂ ಹೆಚ್ಚಾಗಿ ಮೊದಲನೆಯ ಜಾಗದಲ್ಲಿ, ಮೊದಲ ಕೆಲವು ಗಂಟೆಗಳಲ್ಲಿ.

ಸತ್ತವರ ದೇಹವನ್ನು ಓದುವ ಪ್ರಯತ್ನ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಆಶುಮೃತಕಪರೀಕ್ಷೆ, ಅಂದರೆ ಹಠಾತ್ತನೆ ಸತ್ತವರ ಪರೀಕ್ಷೆ, ಎಂಬ ಒಂದು ಅಧ್ಯಾಯವೇ ಇದೆ. ಹೆಣಕ್ಕೆ ಎಣ್ಣೆ ಸವರಿ ನೋಡಬೇಕು, ಕುತ್ತಿಗೆಯ ಮೇಲಿನ ಗುರುತು ಹುಡುಕಬೇಕು, ಉಗುರು ಹಲ್ಲು ಕಪ್ಪಾಗಿದ್ದು ಬಾಯಲ್ಲಿ ನೊರೆ ಬಂದಿದ್ದರೆ ವಿಷವೆಂದು ಶಂಕಿಸಬೇಕು ಎಂಬ ಸೂಚನೆಗಳು ಅಲ್ಲಿವೆ. ಹೃದಯದ ಭಾಗದಿಂದ ತೆಗೆದದ್ದನ್ನು ಬೆಂಕಿಗೆ ಹಾಕಿದಾಗ ಚಿಟಚಿಟ ಸದ್ದಾದರೆ, ಕಾಮನಬಿಲ್ಲಿನ ಬಣ್ಣ ಕಂಡರೆ ವಿಷವುಂಟೆಂದು ತಿಳಿಯಬೇಕಂತೆ. ಇದು ಇಂದಿನ ರಸಾಯನಶಾಸ್ತ್ರಕ್ಕೆ ಒಪ್ಪಿತವೇ ಎಂಬುದು ಬೇರೆ ಮಾತು. ಸಾವಿನ ಕಾರಣವನ್ನು ಸಾಕ್ಷಿಯ ಬಾಯಿಯಿಂದಷ್ಟೇ ಅಲ್ಲದೆ ದೇಹದಿಂದಲೂ ಕೇಳಬೇಕೆಂಬ ಅರಿವು ಅದರಲ್ಲಿ ಸ್ಪಷ್ಟವಾಗಿದೆ. ಮರೆತೇಹೋಗಿದ್ದ ಈ ಗ್ರಂಥದ ಓಲೆಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿ.

ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಪುರಾವೆಯ ಕ್ರಮ ಇನ್ನಷ್ಟು ಖಚಿತವಾಗಿದೆ. ಲಿಖಿತ, ಭುಕ್ತಿ, ಸಾಕ್ಷಿ ಈ ಮೂರು ಮೊದಲು. ಇವು ಯಾವುದೂ ಸಿಗದಾಗ ಮಾತ್ರ ದಿವ್ಯ. ತುಲಾ, ಅಗ್ನಿ, ಜಲ, ವಿಷ, ಕೋಶ ಎಂದು ದಿವ್ಯಗಳು ಐದು. ಕಾದ ಕಬ್ಬಿಣ ಹಿಡಿದವನ ಅಂಗೈ ಸುಡದಿದ್ದರೆ ಅವನು ನಿರ್ದೋಷಿ ಎಂಬ ಪದ್ಧತಿಯನ್ನು ಕಂಡು ಇಂದು ನಗುವುದು ಸುಲಭ. ಆದರೆ ಮನುಷ್ಯರ ಪುರಾವೆ ಮುಗಿದ ಮೇಲೆಯೇ ದೇವರ ಪುರಾವೆ ಎಂಬ ಆ ಅನುಕ್ರಮ ಹಗುರವಾದದ್ದಲ್ಲ.

ಇಷ್ಟಾದರೂ ಪುರಾವೆಯನ್ನೇ ಉಳಿಸದ ಅಪರಾಧಿಗಳು ದಾರಿಗಳಲ್ಲಿದ್ದರು. ಮದ್ರಾಸಿನ ವೈದ್ಯ ರಿಚರ್ಡ್ ಶೇರ್‌ವುಡ್ 1816ರಲ್ಲಿ ಫಾನ್ಸಿಗಾರರ ಬಗ್ಗೆ ಬರೆದ ಲೇಖನದಲ್ಲಿ, ಅವರನ್ನು ಕನ್ನಡದಲ್ಲಿ ‘ತಂತಿ ಕಳ್ಳರು’ ಎನ್ನುತ್ತಾರೆಂದು ದಾಖಲಿಸಿದ್ದಾನೆ. ಪ್ರಯಾಣಿಕರ ಜೊತೆ ದಿನಗಟ್ಟಲೆ ಸ್ನೇಹದಿಂದ ನಡೆದು, ಕೊನೆಗೆ ಕುಣಿಕೆ ಬಿಗಿದು, ಹೆಣ ಹೂತು ಮುಂದೆ ಸಾಗುವುದು ಅವರ ರೀತಿ. ರಕ್ತ ಬೀಳುವುದಿಲ್ಲ, ಆಯುಧ ಉಳಿಯುವುದಿಲ್ಲ, ಸತ್ತವನ ಊರು ದೂರ. ಶ್ರೀರಂಗಪಟ್ಟಣ ಬಿದ್ದ 1799ರ ಸುಮಾರಿನಲ್ಲಿ ಬೆಂಗಳೂರಿನ ಬಳಿ ನೂರರಷ್ಟು ಮಂದಿ ಸೆರೆಸಿಕ್ಕಿದ್ದರು. ಹಳ್ಳಿಯ ಮಟ್ಟದಲ್ಲಿ ಆಗ ಪತ್ತೆಯ ಕೆಲಸ ತಳವಾರ, ತೋಟಿಗಳದ್ದು. ಹೆಜ್ಜೆಗುರುತು ಹಿಡಿದು ಊರಗಡಿವರೆಗೆ ಹೋಗುವುದು, ಹೊಸ ಮುಖ ಕಂಡರೆ ಪಟೇಲನಿಗೆ ಹೇಳುವುದು, ಶಾನುಭೋಗ ಬರೆದುಕೊಳ್ಳುವುದು, ಇದಿಷ್ಟೇ ವ್ಯವಸ್ಥೆ. ವಂಶಪಾರಂಪರ್ಯವಾಗಿದ್ದ ಈ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಊರಿನ ಪ್ರತಿ ಹೆಜ್ಜೆಯ ಪರಿಚಯವಿದ್ದ ಕಣ್ಣು ಅದರೊಂದಿಗೆ ತಪ್ಪಿಹೋಯಿತೆಂದು ಹೇಳಬಹುದು. ಆ ಕಣ್ಣು ಜಾತಿ ನೋಡದೆ ಕೆಲಸ ಮಾಡುತ್ತಿತ್ತೆಂದು ಮಾತ್ರ ಹೇಳಲಾಗದು.

ಆಧುನಿಕ ವಿಧಿವಿಜ್ಞಾನ ದಕ್ಷಿಣ ಭಾರತಕ್ಕೆ ಬಂದದ್ದು ವಿಷದ ಬೆನ್ನು ಹತ್ತಿ. 1849ರಲ್ಲಿ ಮದ್ರಾಸಿನಲ್ಲಿ ಶುರುವಾದ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ದೇಶದಲ್ಲೇ ಮೊದಲನೆಯದು. ಪಾಷಾಣ, ಉಮ್ಮತ್ತಿ ಬೀಜ, ಕಣಗಿಲೆ ಬೇರು ಆ ಕಾಲದ ಸಾಮಾನ್ಯ ವಿಷಗಳು. ದಾರಿಹೋಕರಿಗೆ ಉಮ್ಮತ್ತಿ ಬೆರೆಸಿದ ಊಟ ಹಾಕಿ ದೋಚುವ ಕಳ್ಳರ ಬಗ್ಗೆ ನಾರ್ಮನ್ ಚೆವರ್ಸ್ 1856ರಲ್ಲಿ ಪ್ರಕಟಿಸಿದ ವೈದ್ಯಕೀಯ ನ್ಯಾಯಶಾಸ್ತ್ರದ ಕೈಪಿಡಿಯಲ್ಲಿ ವಿಸ್ತಾರವಾದ ವಿವರಗಳಿವೆ.

ಬೆರಳಚ್ಚಿನ ಕಥೆ ಶುರುವಾದದ್ದು ಒಂದು ಗುತ್ತಿಗೆ ಪತ್ರದಿಂದ. 1858ರಲ್ಲಿ ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್, ರಸ್ತೆಗೆ ಜಲ್ಲಿ ಒದಗಿಸಲು ಒಪ್ಪಿದ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರ ಮುಂದೆ ತಕರಾರು ತೆಗೆಯದಿರಲೆಂದು ಪತ್ರದ ಮೇಲೆ ಅವನ ಅಂಗೈ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ ಲೋಕಪ್ರಸಿದ್ಧವಾದ ವಿಂಗಡಣೆಯ ಹಿಂದಿದ್ದ ಲೆಕ್ಕಾಚಾರ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಸಬ್ ಇನ್ಸ್‌ಪೆಕ್ಟರುಗಳದ್ದು. ಹೆಸರು ಮಾತ್ರ ಸಾಹೇಬರಿಗೆ ಹೋಯಿತು.

ಗುಬ್ಬಿಯಂಥ ಪೇಟೆಗೆ ಈ ಹೆಬ್ಬೆಟ್ಟಿನ ಮಾತು ಚೆನ್ನಾಗಿ ಒಪ್ಪುತ್ತದೆ. 1800ರಲ್ಲಿ ಇಲ್ಲಿಗೆ ಬಂದಿದ್ದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಸಂತೆಯನ್ನೂ ಅಡಿಕೆ ವ್ಯಾಪಾರವನ್ನೂ ವರ್ಣಿಸಿದ್ದಾನೆ. ಅಡಿಕೆ, ಕೊಬ್ಬರಿ, ಜಮೀನು ಕೈಬದಲಾಗುವ ಕಡೆ ಕ್ರಯಪತ್ರ, ಆಧಾರಪತ್ರ, ಪ್ರೋನೋಟು, ವಿಲ್ಲುಗಳಿರುತ್ತವೆ. ಅವುಗಳಿರುವ ಕಡೆ ‘ಈ ಸಹಿ ನನ್ನದಲ್ಲ’ ಎಂಬ ತಕರಾರೂ ಇರುತ್ತದೆ. ಸತ್ತ ಅಜ್ಜನ ಹೆಬ್ಬೆಟ್ಟನ್ನು ಯಾರು ಯಾವಾಗ ಒತ್ತಿಸಿದರು ಎಂಬ ಪ್ರಶ್ನೆ ಎಷ್ಟು ಮನೆಗಳನ್ನು ಒಡೆದಿದೆಯೋ. ಸಹಿಯನ್ನು ಪರೀಕ್ಷಿಸುವವರು ಅಕ್ಷರದ ಅಂದ ನೋಡುವುದಿಲ್ಲ. ಪೆನ್ನು ಎಲ್ಲಿ ನಿಂತಿತು, ಎಲ್ಲಿ ಒತ್ತಡ ಬಿತ್ತು, ಗೆರೆ ನಡುಗಿದೆಯೇ ಎಂದು ನೋಡುತ್ತಾರೆ. ನಕಲು ಮಾಡುವವನ ಕೈ ನಿಧಾನವಾಗಿರುತ್ತದೆ, ಹಾಗಾಗಿ ಆಕಾರ ಸರಿಯಿದ್ದರೂ ಗೆರೆಗೆ ಓಟವಿರುವುದಿಲ್ಲ. ಆರೋಪಿಯಿಂದ ಬೆರಳಚ್ಚು, ಕೈಬರಹದ ಮಾದರಿ ಪಡೆಯುವುದು ಅವನನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳಿಸಿದಂತಾಗದು ಎಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 1961ರಲ್ಲಿ, ಕಾಥಿ ಕಾಲು ಓಘಡ್ ಪ್ರಕರಣದಲ್ಲಿ ಹೇಳಿತು.

ಕರ್ನಾಟಕಕ್ಕೆ ಸ್ವಂತ ವಿಧಿವಿಜ್ಞಾನ ಪ್ರಯೋಗಾಲಯ ಸಿಕ್ಕಿದ್ದು 1960ರ ದಶಕದಲ್ಲಿ. ಮುಂದೆ ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಗಳಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಾದವು. ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ತುಮಕೂರು, ಕುಣಿಗಲ್‌ಗಳ ಬಾಟಲಿಗಳು ಬಹುಕಾಲ ಮಡಿವಾಳದ ದಾರಿಯನ್ನೇ ಹಿಡಿದವು.

ಆ ಬಾಟಲಿಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಸ್ವಾಭಾವಿಕ ಸಾವೆಂದು ತಿಳಿದ ಕೂಡಲೇ ಪೊಲೀಸರು ಪಂಚರನ್ನು ಕರೆದು ಶವ ಮಹಜರು ಬರೆಯುತ್ತಾರೆ. ದೇಹ ಮಲಗಿದ ರೀತಿ, ಬಟ್ಟೆ, ಗಾಯ, ಪಕ್ಕದಲ್ಲಿದ್ದ ಲೋಟ, ಚಪ್ಪಲಿ ಎಲ್ಲವೂ ಅದರಲ್ಲಿ ಬರಬೇಕು. ದೇಹ ತಾಲ್ಲೂಕು ಆಸ್ಪತ್ರೆಯ ಶವಾಗಾರಕ್ಕೆ ಹೋಗುತ್ತದೆ. ವಿಷದ ಗುಮಾನಿಯಿದ್ದರೆ ವೈದ್ಯರು ಜಠರವನ್ನು ಅದರೊಳಗಿನದರ ಸಮೇತ ಮತ್ತು ಸಣ್ಣ ಕರುಳಿನ ಒಂದು ತುಂಡನ್ನು ಒಂದು ಬಾಟಲಿಗೆ, ಪಿತ್ತಜನಕಾಂಗ ಮತ್ತು ಮೂತ್ರಪಿಂಡದ ಭಾಗಗಳನ್ನು ಇನ್ನೊಂದಕ್ಕೆ, ರಕ್ತವನ್ನು ಮತ್ತೊಂದಕ್ಕೆ ತೆಗೆದಿಡುತ್ತಾರೆ. ಅಂಗಗಳು ಕೆಡದಂತೆ ಕಾಯುವುದು ಅಡುಗೆಮನೆಯ ಉಪ್ಪು: ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿದ ನೀರು. ಕೊಳೆತು ಗಾಳಿ ಎದ್ದರೆ ಸಿಡಿಯಬಾರದೆಂದು ಬಾಟಲಿಯನ್ನು ಪೂರ್ತಿ ತುಂಬುವುದಿಲ್ಲ. ಜೊತೆಗೆ ಅದೇ ಉಪ್ಪುನೀರು ಮಾತ್ರ ಇರುವ ಒಂದು ಬಾಟಲಿಯೂ ಹೋಗುತ್ತದೆ. ‘ವಿಷ ಉಪ್ಪಿನಲ್ಲೇ ಇತ್ತು’ ಎಂದು ನಾಳೆ ವಕೀಲರು ಕೇಳಿದರೆ ಉತ್ತರ ಕೊಡಬೇಕಾದ್ದು ಆ ಬಾಟಲಿ. ಮುಚ್ಚಳಕ್ಕೆ ಅರಗಿನ ಸೀಲು ಬೀಳುತ್ತದೆ, ಸೀಲಿನ ಮಾದರಿ ಪ್ರತ್ಯೇಕ ಕಾಗದದಲ್ಲಿ ಹೋಗುತ್ತದೆ. ಕೈಯಿಂದ ಕೈಗೆ ದಾಟಿದ ಪ್ರತಿ ಸಲವೂ ಸಹಿ ಆಗಬೇಕು. ಕೋರ್ಟಿನಲ್ಲಿ ಪ್ರಕರಣ ಬೀಳುವುದು ಯಂತ್ರದ ತಪ್ಪಿಗಿಂತ ಈ ಸಹಿಗಳ ನಡುವಿನ ಬಿರುಕಿನಲ್ಲಿ.

ಇಷ್ಟೆಲ್ಲ ಯಾಕೆ ಬೇಕೆಂಬುದನ್ನು ಈ ಜಿಲ್ಲೆಗೆ ಕಠೋರವಾಗಿ ತೋರಿಸಿಕೊಟ್ಟದ್ದು ‘ಸಯನೈಡ್ ಮಲ್ಲಿಕಾ’ ಎಂದು ಪತ್ರಿಕೆಗಳು ಕರೆದ ಕೆಂಪಮ್ಮನ ಪ್ರಕರಣ. ಆಕೆಯ ಮೇಲಿನ ಆರೋಪಗಳಲ್ಲಿ ಮೊದಲನೆಯ ಕೊಲೆ 1999ರದ್ದು, ಉಳಿದ ಐದು 2007ರ ಕೊನೆಯ ತಿಂಗಳುಗಳವು. ಜಾಗಗಳ ಪಟ್ಟಿಯಲ್ಲಿ ತುಮಕೂರಿನ ಸಿದ್ಧಗಂಗಾ ಕ್ಷೇತ್ರವೂ ಕುಣಿಗಲ್ ತಾಲ್ಲೂಕಿನ ಯಡಿಯೂರೂ ಇದ್ದವು. ದೇವಸ್ಥಾನಗಳಲ್ಲಿ ಮನೆಕಷ್ಟ ತೋಡಿಕೊಳ್ಳುವ ಹೆಂಗಸರನ್ನು ಪರಿಚಯ ಮಾಡಿಕೊಂಡು, ವಿಶೇಷ ಪೂಜೆ ಮಾಡಿಸಿದರೆ ಸರಿಹೋಗುತ್ತದೆಂದು ನಂಬಿಸಿ, ಒಳ್ಳೆಯ ಸೀರೆಯುಟ್ಟು ಒಡವೆ ಹಾಕಿಕೊಂಡು ಬರಲು ಹೇಳಿ, ದೂರದ ಕ್ಷೇತ್ರಕ್ಕೆ ಕರೆದೊಯ್ದು, ಕೋಣೆ ಹಿಡಿದು, ಸಯನೈಡ್ ಬೆರೆಸಿ ಕೊಡುವುದು ಆಕೆಯ ಕ್ರಮ. ಎರಡು ಶತಮಾನಗಳ ಹಿಂದಿನ ತಂತಿ ಕಳ್ಳರದೂ ಇದೇ ಉಪಾಯ: ಮೊದಲು ನಂಬಿಕೆ, ಆಮೇಲೆ ದೂರದ ಊರು. ಯಾತ್ರಾಸ್ಥಳದ ಕೋಣೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಸತ್ತು ಬಿದ್ದಿದ್ದರೆ ನೋಡಿದವರು ಹೃದಯಾಘಾತವೆಂದೋ ಆತ್ಮಹತ್ಯೆಯೆಂದೋ ಎಣಿಸುವುದು ಸಹಜ. ಮೈಮೇಲೆ ಇರಬೇಕಾಗಿದ್ದ ಒಡವೆ ಇಲ್ಲ ಎಂಬುದು ಮನೆಯವರಿಗೆ ಮಾತ್ರ ಗೊತ್ತು, ಮನೆಯವರು ಇರುವುದು ಇನ್ನೊಂದು ಠಾಣೆಯ ವ್ಯಾಪ್ತಿಯಲ್ಲಿ. 2007ರ ಡಿಸೆಂಬರ್ 31ರಂದು ಆಕೆ ಸಿಕ್ಕಿಬಿದ್ದ ಮೇಲೆ ಈ ತುಂಡು ತುಂಡು ಕಡತಗಳು ಒಂದಾದವು. ಆಕೆಗೆ ಮರಣದಂಡನೆಯಾಗಿ, ಮುಂದೆ ಅದು ಜೀವಾವಧಿಗೆ ಇಳಿಯಿತು.

ಸಯನೈಡ್ ಚಿನ್ನದ ಕೆಲಸದಲ್ಲಿ ಬಳಕೆಯಲ್ಲಿರುವ ರಾಸಾಯನಿಕ. ಜೀವಕೋಶ ಆಮ್ಲಜನಕ ಬಳಸುವುದನ್ನೇ ಅದು ತಡೆಯುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಉಪಯೋಗಕ್ಕೆ ಬಾರದೆ ಹೋಗಿ, ಸತ್ತವರ ಚರ್ಮದಲ್ಲಿ ಕೆಂಪು ಛಾಯೆ ಕಾಣಬಹುದು. ಕಹಿ ಬಾದಾಮಿಯ ವಾಸನೆಯೂ ಬರಬಹುದು, ಆದರೆ ಹುಟ್ಟಿನಿಂದಲೇ ಆ ವಾಸನೆ ಹಿಡಿಯಲಾರದ ಮೂಗುಗಳೂ ಇವೆ. ಬೇಗ ಆವಿಯಾಗುವ ವಿಷವಾದ್ದರಿಂದ ಬಾಟಲಿ ಮೂಲೆಯಲ್ಲಿ ಕೂತಷ್ಟೂ ಉತ್ತರ ಮಸುಕಾಗುತ್ತದೆ. 2009ರಲ್ಲಿ ದಕ್ಷಿಣ ಕನ್ನಡದಲ್ಲಿ ಬಂಧಿತನಾದ, ಸಯನೈಡ್ ಕೊಟ್ಟು ಹೆಂಗಸರನ್ನು ಕೊಲ್ಲುತ್ತಿದ್ದ ಮೋಹನ್ ಕುಮಾರ್ ಪ್ರಕರಣದಲ್ಲೂ ಕಡತಗಳು ಹೀಗೇ ಚದುರಿದ್ದವು. ಬೇರೆ ಬೇರೆ ಊರಿನ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಸತ್ತು ಸಿಕ್ಕಿದ್ದ ಹೆಂಗಸರು ವರ್ಷಗಳ ಕಾಲ ಬೇರೆ ಬೇರೆ ಠಾಣೆಗಳ ಅಸ್ವಾಭಾವಿಕ ಸಾವಿನ ಕಡತಗಳಾಗಿ ಉಳಿದಿದ್ದರು.

ಕುಣಿಗಲ್‌ನ ದೊಡ್ಡಕೆರೆಯಂಥ ನೀರಿನಲ್ಲಿ ದೇಹ ತೇಲಿದರೆ ಪ್ರಶ್ನೆ ಬೇರೆ: ಮುಳುಗಿ ಸತ್ತದ್ದೋ, ಸಾಯಿಸಿ ಎಸೆದದ್ದೋ? ಕೆರೆನೀರಿನಲ್ಲಿ ಡಯಾಟಮ್ ಎಂಬ, ಗಾಜಿನಂಥ ಸಿಲಿಕಾ ಚಿಪ್ಪಿನ ಸೂಕ್ಷ್ಮ ಪಾಚಿಗಳಿರುತ್ತವೆ. ಉಸಿರಾಡುತ್ತ ಮುಳುಗಿದವರ ಶ್ವಾಸಕೋಶದಿಂದ ಅವು ರಕ್ತಕ್ಕೆ ಸೇರಿ, ಮಿಡಿಯುತ್ತಿರುವ ಹೃದಯದ ಬಲದಿಂದ ತೊಡೆಮೂಳೆಯ ಮಜ್ಜೆಯವರೆಗೂ ಹೋಗಬಲ್ಲವು. ಮಜ್ಜೆಯನ್ನು ಆಮ್ಲದಲ್ಲಿ ಕರಗಿಸಿದರೂ ಚಿಪ್ಪು ಕರಗುವುದಿಲ್ಲ. ಅದೇ ಕೆರೆಯ ನೀರಿನ ಮಾದರಿಯನ್ನು ಅಂದೇ ತುಂಬಿಟ್ಟುಕೊಂಡಿದ್ದರೆ ಮಾತ್ರ ಹೋಲಿಕೆ ಸಾಧ್ಯ. ಈ ಪರೀಕ್ಷೆಯನ್ನೇ ಅನುಮಾನಿಸುವ ತಜ್ಞರೂ ಇದ್ದಾರೆ, ಆದ್ದರಿಂದ ಇದೊಂದರ ಮೇಲೇ ಯಾರೂ ಪ್ರಕರಣ ಕಟ್ಟುವುದಿಲ್ಲ.

ಬಂದೂಕಿನ ಪರೀಕ್ಷೆಗೆ ಹೆಸರು ತಂದದ್ದು ತುಮಕೂರಿನಾಚೆಯ ಎರಡು ಹತ್ಯೆಗಳು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಎರಡಕ್ಕೂ ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಎಂದು ಪ್ರಯೋಗಾಲಯದ ವರದಿ ಹೇಳಿತು. ನಳಿಕೆಯೊಳಗಿನ ಗೀರು ಗುಂಡಿನ ಮೇಲೂ, ಪಿನ್ನಿನ ಪೆಟ್ಟು ಕಾಟ್ರಿಜ್ ಹಿಂಬದಿಯಲ್ಲೂ ಬೀಳುತ್ತದೆ, ಎರಡನ್ನೂ ಜೋಡಿ ಸೂಕ್ಷ್ಮದರ್ಶಕದ ಕೆಳಗೆ ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಇದೇ ಬೆಂಗಳೂರು ಒಂದು ಕಾಲಕ್ಕೆ ಮಂಪರು ಪರೀಕ್ಷೆಯ ರಾಜಧಾನಿಯೂ ಆಗಿತ್ತು. ಛಾಪಾ ಕಾಗದ ಹಗರಣದ ತೆಲಗಿ ಮಂಪರಿನಲ್ಲಿ ಮಾತಾಡಿದ್ದನ್ನು ಟಿವಿಯಲ್ಲಿ ನೋಡಿದವರಿಗೆ ತನಿಖೆಯೆಂದರೆ ಸೂಜಿ ಚುಚ್ಚಿ ಬಾಯಿ ಬಿಡಿಸುವುದು ಎನಿಸಿದ್ದರೆ ಆಶ್ಚರ್ಯವಿಲ್ಲ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಮಿದುಳು ನಕ್ಷೆ ಪರೀಕ್ಷೆ ಮಾಡುವಂತಿಲ್ಲವೆಂದು ತೀರ್ಪು ಕೊಟ್ಟಿತು. ತೀರ್ಪು ತಡವಾಯಿತೆಂಬುದನ್ನು ಬಿಟ್ಟರೆ ದೂರಲು ಏನಿಲ್ಲ.

2024ರ ಮಾರ್ಚ್‌ನಲ್ಲಿ ತುಮಕೂರಿನ ಹೊರವಲಯದ ಕುಚ್ಚಂಗಿ ಕೆರೆಯಲ್ಲಿ ಸುಟ್ಟ ಕಾರೊಂದರೊಳಗೆ ಮೂವರ ಕರಕಲು ದೇಹಗಳು ಸಿಕ್ಕವು. ಇಂಥ ಕಡೆ ಬೆರಳೂ ಇಲ್ಲ, ಮುಖವೂ ಇಲ್ಲ. ಗುರುತಿಗೆ ಉಳಿಯುವುದು ಹಲ್ಲು, ಮೂಳೆ ಮತ್ತು ಅವುಗಳೊಳಗಿನ ಡಿಎನ್‌ಎ. ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡುಕೊಂಡ ಡಿಎನ್‌ಎ ಗುರುತಿನ ವಿಧಾನಕ್ಕೆ ತಾಯಿ ತಂದೆಯರದ್ದೋ ಮಕ್ಕಳದ್ದೋ ರಕ್ತದ ಮಾದರಿ ಹೋಲಿಕೆಗೆ ಬೇಕು. ವರದಿ ಬರುವವರೆಗೆ ಮನೆಯವರು ಕಾಯಬೇಕು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೆಯ ಕಲಂ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬರಬೇಕೆಂದಿತು. ಇದಕ್ಕೆ ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಶೋಧ, ವಶಪಡಿಕೆಗಳನ್ನು ವಿಡಿಯೋ ಮಾಡಬೇಕೆಂಬ 105ನೆಯ ಕಲಮೂ ಬಂತು. ಕರ್ನಾಟಕ ಇದಕ್ಕೂ ಮೊದಲೇ ಅಪರಾಧ ಸ್ಥಳಕ್ಕೆಂದೇ ‘ಸೋಕೋ’ ಅಧಿಕಾರಿಗಳನ್ನು ನೇಮಿಸಿಕೊಳ್ಳತೊಡಗಿತ್ತು. 2023ರ ಜನವರಿಯಲ್ಲಿ ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಅಡಿಗಲ್ಲು ಬಿತ್ತು. ತಜ್ಞರು ಬರುವತನಕ ಚಿಕ್ಕನಾಯಕನಹಳ್ಳಿಯ ತೋಟದಲ್ಲೋ ಯಡಿಯೂರಿನ ಕೋಣೆಯಲ್ಲೋ ಜನ ಮುತ್ತದಂತೆ ಬಾಗಿಲಲ್ಲಿ ನಿಲ್ಲುವವನು ಮಾತ್ರ ಈಗಲೂ ಬೀಟ್ ಪೊಲೀಸನೇ.